ಗೋಡೆಯಾಚೆ ಗಂಟೆ ಬಾರಿಸಿದ ಜಗದೀಶ ಚಂದ್ರ ಬೋಸ್



ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಜೀವನಚರಿತ್ರೆ ಬರೆಯುವ ಸರದಿ ನನ್ನದು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ, ಇವರದ್ದೆಲ್ಲ ಆಗಲೇ ಬರೆದಾಗಿದೆ. ನಾನು ಬಂಗಾಳದ ವಿಜ್ಞಾನಿ ಜಗದೀಶ ಚಂದ್ರ ಬೋಸರ ಬಗ್ಗೆ ಬರೆಯುತ್ತಿದ್ದೇನೆ. ಇವರನ್ನೇ ಯಾಕೆ ಆರಿಸಿದೆ ಅಂದರೆ ಅದಕ್ಕೆ ಕಾರಣ ನಮ್ಮಜ್ಜಿ, ಮತ್ತು ನಮ್ಮನೆ ಹಿತ್ತಿಲ ಲೈಟು. ಅದನ್ನ ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗೋದಿಲ್ಲ.

ಹೋದ ಆಷಾಢದಲ್ಲಿ ಒಂದು ರಾತ್ರಿ ನಮ್ಮಜ್ಜಿ ಹಿತ್ತಿಲಿಗೆ ಹೋಗಲು ಎದ್ದವರು ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅವತ್ತಿನಿಂದ ಅಜ್ಜಿ ಎದ್ದಾಗಲೆಲ್ಲ ಅಮ್ಮ ಏಳಬೇಕು. ಅಮ್ಮ ಬೆಳಿಗ್ಗೆ ಆರು ಗಂಟೆಗೆ ಕೂಲಿಗೆ ಹೋಗುವವರು. ನಿದ್ದೆ ಇಲ್ಲದೆ ಅವರ ಕಣ್ಣು ಕೆಂಪಗಾಗಿರೋದನ್ನ ನೋಡಿ, ಏನಾದರೂ ಮಾಡಬೇಕು ಅಂತ ನಾನು, ನಮ್ಮ ಸೋದರಮಾವ ಕೂತೆವು. ಮಾವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಮೀಟರ್ ಎಲ್‌ಇಡಿ ಪಟ್ಟಿ, 12 ವೋಲ್ಟಿನ ಅಡಾಪ್ಟರ್, ಯಾರಾದರೂ ಓಡಾಡಿದರೆ ತಾನೇ ತಿಳಿದುಕೊಳ್ಳುವ ಒಂದು ಪುಟ್ಟ ಸೆನ್ಸಾರ್ ಬೋರ್ಡು, ಇಷ್ಟು ತಂದಿದ್ದರು. ಸ್ವಿಚ್ ಹುಡುಕುವ ಕೆಲಸವೇ ಇಲ್ಲ, ಅಜ್ಜಿ ಮಂಚದಿಂದ ಇಳಿದರೆ ಸಾಕು, ದೀಪ ಹತ್ತಬೇಕು. ಇದು ನಮ್ಮ ಲೆಕ್ಕ.

ಮೊದಲ ರಾತ್ರಿ ಏನಾಯ್ತು ಗೊತ್ತಾ? ಅಜ್ಜಿ ಮಲಗೇ ಇದ್ದಾರೆ, ದೀಪ ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ. ದೆವ್ವ ಗಿವ್ವ ಅಂತ ಅಜ್ಜಿ ಗೊಣಗಿದರು. ಹೊರಗೆ ಹೋಗಿ ನೋಡಿದರೆ ಗೋಡೆಯ ಆಚೆ ಓಣಿಯಲ್ಲಿ ಒಂದು ನಾಯಿ ಅತ್ತಿಂದಿತ್ತ ಓಡಾಡ್ತಿತ್ತು! ಗೋಡೆ ದಾಟಿ ನಾಯಿ ಕಾಣೋದು ಹೇಗೆ ಅಂತ ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನ ಕೇಳಿದೆ. ಆ ಬೋರ್ಡು ಸುಮಾರು 10 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಬಿಡುತ್ತೆ, ಚಲಿಸುವ ವಸ್ತುವಿಗೆ ತಗುಲಿ ವಾಪಸು ಬರುವ ಅಲೆಯಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತೆ, ಅದನ್ನ ಹಿಡಿಯುತ್ತೆ, ಇಂಥ ಅಲೆಗೆ ನಮ್ಮ ಗೋಡೆ ದೊಡ್ಡ ಅಡ್ಡಿಯಲ್ಲ ಅಂದರು. ಆಮೇಲೆ ನಕ್ಕು, ಇಂಥ ಕಿರು ಅಲೆಗಳನ್ನ ಗೋಡೆ ದಾಟಿಸಿ ಆಚೆ ಕಡೆ ಗಂಟೆ ಬಾರಿಸಿದವರು ನಮ್ಮ ದೇಶದಲ್ಲೇ ಇದ್ದರು, ಅದೂ 1895ರಲ್ಲಿ, ಅಂತ ಹೇಳಿ ಗ್ರಂಥಾಲಯದ ಕಪಾಟಿನಿಂದ ಒಂದು ಹಳೇ ಪುಸ್ತಕ ತೆಗೆದುಕೊಟ್ಟರು. ಇನ್ನು ಅವರ ಕಥೆ.

ಜಗದೀಶ ಚಂದ್ರ ಬೋಸರು 1858ನೇ ಇಸವಿ ನವೆಂಬರ್ 30ರಂದು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನ್ ಚಂದ್ರ ಬೋಸ್ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅಷ್ಟು ದೊಡ್ಡ ಅಧಿಕಾರಿಗಳ ಮಕ್ಕಳು ಆ ಕಾಲದಲ್ಲಿ ಇಂಗ್ಲಿಷ್ ಶಾಲೆಗೆ ಹೋಗೋದು ವಾಡಿಕೆ. ಭಗವಾನ್ ಚಂದ್ರರು ಮಾತ್ರ ಮಗನನ್ನು ಫರೀದ್‌ಪುರದ ಬಂಗಾಳಿ ಶಾಲೆಗೆ ಹಾಕಿದರು. ಮೊದಲು ತಾಯಿನುಡಿ ಬರಲಿ, ತನ್ನ ಜನ ಯಾರೆಂದು ತಿಳಿಯಲಿ ಎಂಬುದು ಅವರ ವಿಚಾರ. ತರಗತಿಯಲ್ಲಿ ಜಗದೀಶರ ಒಂದು ಪಕ್ಕ ಅವರ ಮನೆಯ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕ ಒಬ್ಬ ಬೆಸ್ತರ ಹುಡುಗ. ಆ ಹುಡುಗರು ಹೇಳುತ್ತಿದ್ದ ಹಕ್ಕಿಗಳ, ಪ್ರಾಣಿಗಳ, ನೀರೊಳಗಿನ ಜೀವಿಗಳ ಕಥೆ ಕೇಳಿ ಕೇಳಿಯೇ ಪ್ರಕೃತಿಯ ಮೇಲೆ ತಮಗೆ ಕುತೂಹಲ ಹುಟ್ಟಿತೆಂದು ಬೋಸರು ದೊಡ್ಡವರಾದ ಮೇಲೆ ನೆನೆದಿದ್ದಾರೆ. ಕನ್ನಡ ಶಾಲೆ ಅಂತ ಮೂಗು ಮುರಿಯುವ ನಮ್ಮೂರಿನ ಕೆಲವರಿಗೆ ಈ ಪ್ಯಾರಾವನ್ನ ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕೆಂದಿದ್ದೆ, ಸ್ಕೆಚ್ ಪೆನ್ ಖಾಲಿಯಾಯ್ತು.

ಅಲ್ಲಿಂದ ಕಲ್ಕತ್ತಾದ ಸೇಂಟ್ ಝೇವಿಯರ್ಸ್ ಶಾಲೆ, ಕಾಲೇಜು. ಅಲ್ಲಿ ಫಾದರ್ ಲಫೋಂ ಎಂಬ ಪಾದ್ರಿಗಳು ಪ್ರಯೋಗ ಮಾಡಿ ತೋರಿಸಿಯೇ ಭೌತಶಾಸ್ತ್ರ ಕಲಿಸುತ್ತಿದ್ದರು. ಅವರಿಂದ ಬೋಸರಿಗೆ ಪ್ರಯೋಗದ ರುಚಿ ಹತ್ತಿತು. 1880ರಲ್ಲಿ ವೈದ್ಯ ಓದಲು ಲಂಡನ್ನಿಗೆ ಹೋದರು. ಜ್ವರ ಬಿಡದೆ ಕಾಡಿದ್ದರಿಂದ ವೈದ್ಯ ಬಿಟ್ಟು ಕೇಂಬ್ರಿಡ್ಜಿನಲ್ಲಿ ವಿಜ್ಞಾನ ಓದಿ 1884ರಲ್ಲಿ ಪದವಿ ಪಡೆದರು. ಅಲ್ಲಿ ಲಾರ್ಡ್ ರ್‍ಯಾಲೆ ಅವರ ಗುರುಗಳು.

1885ರಲ್ಲಿ ಭಾರತಕ್ಕೆ ಬಂದು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಈಗ ಮುಖ್ಯವಾದ ವಿಷಯಕ್ಕೆ ಬಂದೆ. ಆಗಿನ ಸರ್ಕಾರದಲ್ಲಿ ಒಂದೇ ಕೆಲಸಕ್ಕೆ ಎರಡು ಸಂಬಳ ಇತ್ತು. ಬಿಳಿಯರಿಗೆ ಪೂರ್ತಿ, ಭಾರತೀಯರಿಗೆ ಮೂರರಲ್ಲಿ ಎರಡು ಪಾಲು. ಬೋಸರದ್ದು ಹಂಗಾಮಿ ನೇಮಕ ಅಂತ ಅದರಲ್ಲೂ ಅರ್ಧ ಮುರಿದರು. ಅಂದರೆ ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಬಿಳಿಯ ಅಧ್ಯಾಪಕರಿಗೆ ಸಿಗುವುದರ ಮೂರನೇ ಒಂದು ಪಾಲು. ಬೋಸರು ಜಗಳ ಆಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ದಿನವೂ ಹೋಗಿ ಪಾಠ ಮಾಡಿದರು, ಆದರೆ ಸಂಬಳ ಮುಟ್ಟಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಮೂರು ವರ್ಷ!

ಮನೆಯಲ್ಲಿ ದುಡ್ಡು ಇದ್ದು ಹಾಗೆ ಮಾಡಿದರು ಅಂತ ತಿಳಿಯಬೇಡಿ. ತಂದೆ ಜನರಿಗೆ ಉಪಯೋಗವಾಗಲಿ ಅಂತ ಹಲವು ಉದ್ಯಮಗಳಿಗೆ ಕೈ ಹಾಕಿ ಸೋತು ಸಾಲದಲ್ಲಿ ಮುಳುಗಿದ್ದರು. ಅಂಥದರಲ್ಲೇ 1887ರಲ್ಲಿ ಬೋಸರ ಮದುವೆ ಅಬಲಾ ಅವರ ಜೊತೆ ನಡೆಯಿತು. ಅಬಲಾ ಹೆಸರಿಗೆ ಮಾತ್ರ ಅಬಲೆ. ಕಲ್ಕತ್ತಾದ ವೈದ್ಯಕೀಯ ಕಾಲೇಜಿನಲ್ಲಿ ಹೆಣ್ಣುಮಕ್ಕಳನ್ನ ಸೇರಿಸಿಕೊಳ್ಳದ ಕಾಲದಲ್ಲಿ ಮದ್ರಾಸಿಗೆ ಹೋಗಿ ವೈದ್ಯ ಓದಿದವರು. ಪಟ್ಟಣದ ಬಾಡಿಗೆ ಕೈಗೆ ಎಟುಕದ್ದರಿಂದ ದಂಪತಿಗಳು ಹೂಗ್ಲಿ ನದಿಯ ಆಚೆ ಚಂದನನಗರದಲ್ಲಿ ಮನೆ ಮಾಡಿದ್ದರು. ಬೋಸರು ದೋಣಿಯಲ್ಲಿ ಹೊಳೆ ದಾಟಿ ಕಾಲೇಜಿಗೆ ಹೊರಟರೆ ಅಬಲಾ ದೋಣಿಯನ್ನ ತಾವೇ ಹುಟ್ಟು ಹಾಕಿಕೊಂಡು ವಾಪಸು ತರುತ್ತಿದ್ದರಂತೆ.

ಕೊನೆಗೆ ಸರ್ಕಾರವೇ ಸೋತಿತು. ಬೋಸರನ್ನು ಕಾಯಂ ಮಾಡಿ, ಮೂರು ವರ್ಷದ ಹಿಂಬಾಕಿಯನ್ನು ಪೂರ್ತಿ ಸಂಬಳದ ಲೆಕ್ಕದಲ್ಲೇ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಈ ಭಾಗವನ್ನ ನಾನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಿ, ಮೂರರಲ್ಲಿ ಎರಡು ಅಂದರೆ ಎಷ್ಟಾಗುತ್ತೆ, ನೂರರ ಲೆಕ್ಕದಲ್ಲಿ ಹೇಳು ಅಂದರು. ಆರುನೂರಕ್ಕೆ ನಾನೂರು ಅಂದೆ. ಅಮ್ಮ ಏನೂ ಹೇಳಲಿಲ್ಲ. ಅವರು ಹೋಗುವ ಕೆಲಸದಲ್ಲಿ ಗಂಡಾಳಿಗೆ 600, ಹೆಣ್ಣಾಳಿಗೆ 400. ನಾನು ಲೆಕ್ಕ ಹೇಳಿದ ಮೇಲೆ ನನಗೇ ಹೊಳೆಯಿತು. ಮತ್ತೆ ಮೊರ ಆಡೋ ಸದ್ದು ಶುರುವಾಗುವ ತನಕ ಪುಟ ತಿರುಗಿಸಲಿಲ್ಲ.

ಬೋಸರು ಸಂಶೋಧನೆ ಶುರು ಮಾಡಿದ್ದು 1894ರಲ್ಲಿ, ತಮ್ಮ 36ನೇ ಹುಟ್ಟುಹಬ್ಬದ ದಿನ ಸಂಕಲ್ಪ ಮಾಡಿಕೊಂಡು. ಕಾಲೇಜಿನಲ್ಲಿ ಪ್ರಯೋಗಾಲಯ ಅಂತ ಸರಿಯಾದ್ದು ಇರಲಿಲ್ಲ. ಬಚ್ಚಲ ಪಕ್ಕದ ಒಂದು ಗೂಡಿನಂಥ ಜಾಗವೇ ಪ್ರಯೋಗಾಲಯ. ಉಪಕರಣ ಮಾಡಿಕೊಡಲು ಒಬ್ಬ ತಗಡಿನ ಕೆಲಸದವನು. ಅವನಿಗೆ ಇವರೇ ಹೇಳಿಕೊಟ್ಟು ಮಾಡಿಸಬೇಕು. ಖರ್ಚೆಲ್ಲ ಕೈಯಿಂದ.

ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿ ರೇಡಿಯೋ ಅಲೆಗಳನ್ನ ಕಂಡುಹಿಡಿದು ಆಗಿನ್ನೂ ಕೆಲವೇ ವರ್ಷವಾಗಿತ್ತು. ಹರ್ಟ್ಸರ ಅಲೆಗಳು ಉದ್ದವಾಗಿದ್ದವು, ಅವುಗಳನ್ನ ಮೇಜಿನ ಮೇಲೆ ಅಳೆಯೋದು ಕಷ್ಟ. ಬೋಸರು ಅಲೆಯನ್ನೇ ಚಿಕ್ಕದು ಮಾಡಿದರು. ಎಷ್ಟು ಚಿಕ್ಕದು ಅಂದರೆ ಬರೀ 5 ಮಿಲಿಮೀಟರ್, ಒಂದು ಕಡಲೆಕಾಳಿಗಿಂತ ಕಡಿಮೆ. ಈಗಿನ ಲೆಕ್ಕದಲ್ಲಿ ಅದು 60 ಗಿಗಾಹರ್ಟ್ಸ್. ನಮ್ಮ ಕಾಲದಲ್ಲಿ ಕೋಣೆಯಲ್ಲಿ ಮನುಷ್ಯ ಅಲ್ಲಾಡದೆ ಕೂತಿದ್ದರೂ ಉಸಿರಾಟದಿಂದಲೇ ಗುರುತಿಸುವ ಹೊಸ ಸೆನ್ಸಾರ್‌ಗಳು ಬಂದಿವೆ, ಅವುಗಳಲ್ಲಿ ಕೆಲವು ಓಡೋದು ಇದೇ 60 ಗಿಗಾಹರ್ಟ್ಸಿನಲ್ಲಿ. ಮಾವ ತಂದ ಬೋರ್ಡಿನದು ಇದಕ್ಕಿಂತ ಬಹಳ ಉದ್ದನೆ ಅಲೆ.

1895ರಲ್ಲಿ ಕಲ್ಕತ್ತಾದಲ್ಲಿ ಜನರ ಎದುರಿಗೇ ಬೋಸರು ಪ್ರಯೋಗ ಮಾಡಿ ತೋರಿಸಿದರು. ಒಂದು ಕಡೆ ಅಲೆ ಹೊರಡಿಸುವ ಯಂತ್ರ, ನಡುವೆ ಗೋಡೆ, ಆಚೆ ಕಡೆ ಅಲೆ ಹಿಡಿಯುವ ಯಂತ್ರ. ತಂತಿ ಏನೂ ಇಲ್ಲ. ಆಚೆ ಕಡೆ ಗಂಟೆ ಬಾರಿಸಿತು, ಸಿಡಿಮದ್ದು ಢಂ ಅಂದಿತು. ನಮ್ಮನೆ ಓಣಿಯ ನಾಯಿ ದೀಪ ಹತ್ತಿಸಿದ್ದು ನೆನಪಿಗೆ ಬಂತಾ? ಅಲೆ ಗೋಡೆ ದಾಟುತ್ತೆ, ಆಚೆ ಕಡೆ ಒಂದು ಸಣ್ಣ ಬದಲಾವಣೆ ಆಗುತ್ತೆ, ಆ ಸಣ್ಣದು ಒಂದು ದೊಡ್ಡ ಕೆಲಸವನ್ನ ಬಿಡಿಸುತ್ತೆ.

ಇವರ ಉಪಕರಣಗಳ ವಿಷಯ ಓದಿದರೆ ನನಗಂತೂ ಖುಷಿಯೋ ಖುಷಿ. ಅಲೆ ಯಾವ ದಿಕ್ಕಿಗೆ ಕಂಪಿಸುತ್ತೆ ಅಂತ ತಿಳಿಯಲು ರೈಲ್ವೆ ವೇಳಾಪಟ್ಟಿಯ ಒಂದು ದಪ್ಪ ಪುಸ್ತಕ ತಗೊಂಡು ಹಾಳೆಗಳ ನಡುವೆ ತವರದ ತಗಡು ಇಟ್ಟರು. ಅಲೆಯ ದಿಕ್ಕನ್ನು ತಿರುಗಿಸಲು ಹೊಸೆದ ಸೆಣಬಿನ ನಾರು ಬಳಸಿದರು. ಸೆಣಬು ಬಂಗಾಳದ ಬೆಳೆ, ಕೈಗೆ ಸಿಗುವ ವಸ್ತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಡಾಕ್ಟರ್ ಪದವಿ ಕೊಟ್ಟಿತು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇದೇ ಉಪಕರಣ ಇಟ್ಟುಕೊಂಡು ಉಪನ್ಯಾಸ ಕೊಟ್ಟರು. ಬಚ್ಚಲ ಪಕ್ಕದಲ್ಲಿ ತಗಡಿನವನು ಮಾಡಿದ್ದು ಅಲ್ಲಿಯವರೆಗೂ ಹೋಯಿತು.

ಬೋಸರು ಅಲೆ ಹಿಡಿಯಲು ಬಳಸಿದ ವಸ್ತುಗಳಲ್ಲಿ ಒಂದು ಗೆಲೀನಾ, ಅಂದರೆ ಸೀಸದ ಅದಿರಿನ ಹರಳು. ಹರಳಿಗೆ ಒಂದು ಮೊನೆಯನ್ನ ಮೆತ್ತಗೆ ತಾಗಿಸಿದರೆ ಅದು ರೇಡಿಯೋ ಅಲೆಗೂ ಸ್ಪಂದಿಸುತ್ತಿತ್ತು, ಬೆಳಕಿಗೂ ಸ್ಪಂದಿಸುತ್ತಿತ್ತು. ಕೃತಕ ಕಣ್ಣು ಇದ್ದ ಹಾಗೆ. ಬೋಸರಿಗೆ ಪೇಟೆಂಟ್ ಎಂದರೆ ಆಗುತ್ತಿರಲಿಲ್ಲ, ಜ್ಞಾನ ಮಾರುವುದು ತಪ್ಪೆಂದು ಅವರ ಭಾವನೆ. ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಅಮೆರಿಕದ ಮಹಿಳೆ ಹಠ ಹಿಡಿದದ್ದರಿಂದ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿದರು, 1904ರಲ್ಲಿ ಪೇಟೆಂಟ್ ಬಂತು. ಅರೆವಾಹಕದಿಂದ ಮಾಡಿದ ಸಾಧನಗಳಿಗೆ ಸಿಕ್ಕ ಮೊಟ್ಟಮೊದಲ ಪೇಟೆಂಟುಗಳ ಸಾಲಿನಲ್ಲಿ ಅದಿದೆ. ಬೋಸರು ಅದರಿಂದ ದುಡ್ಡು ಮಾಡಲಿಲ್ಲ. ಇದು ಸರಿಯೋ ತಪ್ಪೋ ನನಗೆ ತೀರ್ಮಾನ ಮಾಡಲಾಗಲಿಲ್ಲ. ಸಂಬಳದ ವಿಷಯದಲ್ಲಿ ಒಂದು ಪೈಸೆ ಬಿಡದವರು ಇಲ್ಲಿ ಪೂರ್ತಿ ಬಿಟ್ಟರಲ್ಲ ಅಂತ ಮಾವ ವಾದ ಮಾಡಿದರು. ಸಂಬಳ ನ್ಯಾಯದ ಮಾತು, ಇದು ದಾನದ ಮಾತು ಅಂತ ಮೇಷ್ಟ್ರು ಹೇಳಿದರು. ನೀವು ಯೋಚಿಸಿ.

ಅರೆವಾಹಕ ಅಂದೆನಲ್ಲ, ನಮ್ಮ ಎಲ್‌ಇಡಿ ಪಟ್ಟಿ ಇರೋದೇ ಅದರಿಂದ. 1907ರಲ್ಲಿ ಇಂಗ್ಲೆಂಡಿನ ರೌಂಡ್ ಎಂಬುವರು ಕಾರ್ಬೊರಂಡಂ ಹರಳಿಗೆ ಕರೆಂಟು ಕೊಟ್ಟಾಗ ಅದು ಮಂಕಾಗಿ ಹೊಳೆದದ್ದನ್ನು ಕಂಡರು. 1962ರಲ್ಲಿ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ಪ್ರಖರವಾದ ನೀಲಿ ಬಂದದ್ದು 1993ರಲ್ಲಿ ಜಪಾನಿನ ನಾಕಾಮುರಾ ಕೈಯಲ್ಲಿ. ಅವರಿಗೂ ಅಕಾಸಾಕಿ, ಅಮಾನೊ ಅವರಿಗೂ 2014ರ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಲೇಪ ಹಾಕಿದರೆ ನಮ್ಮ ಮನೆಯ ಬಿಳಿ ಬೆಳಕು.

ಆ ಬಿಳಿ ಬೆಳಕೇ ನಮ್ಮ ಎರಡನೇ ಕಷ್ಟವಾಗಿತ್ತು. ಮಾವ ಅಲೆಯ ಬೋರ್ಡು ತೆಗೆದು ಪಿಐಆರ್ ಸೆನ್ಸಾರ್ ಹಾಕಿದರು. ಇದು ತಾನು ಏನನ್ನೂ ಬಿಡುವುದಿಲ್ಲ, ಓಡಾಡುವ ಮೈಯ ಶಾಖವನ್ನಷ್ಟೇ ನೋಡುತ್ತೆ. ಶಾಖದ ಕಿರಣ ಗೋಡೆ ದಾಟದ ಕಾರಣ ನಾಯಿಯ ಕಾಟ ತಪ್ಪಿತು. ಆದರೆ ಅಜ್ಜಿಗೆ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ನಡುರಾತ್ರಿ ಪೂರ್ತಿ ಬೆಳಕು ಫಕ್ಕನೆ ಹತ್ತಿದರೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಂತುಬಿಡುತ್ತಿದ್ದರು. ಕತ್ತಲಲ್ಲಿ ಬೀಳೋದಕ್ಕೆ ಬದಲು ಬೆಳಕಿನಲ್ಲಿ ಬೀಳೋ ಹಾಗಾಯ್ತು. ಬೆಳಕನ್ನ ತಗ್ಗಿಸಲೇಬೇಕು.

ನಾನು ಮೊದಲು ಮಾಡಿದ್ದು ದಡ್ಡತನ. ಪಟ್ಟಿಯ ದಾರಿಯಲ್ಲಿ 10 ಓಮಿನ ಕಾಲು ವ್ಯಾಟಿನ ರೆಸಿಸ್ಟರ್ ಸೇರಿಸಿದೆ. ಬೆಳಕೇನೋ ತಗ್ಗಿತು, ರೆಸಿಸ್ಟರ್ ಕರ್ರಗಾಗಿ ವಾಸನೆ ಬಂತು. ಲೆಕ್ಕ ಹಾಕಿದರೆ ಅದರ ಮೇಲೆ ಅರ್ಧ ವ್ಯಾಟಿನಷ್ಟು ಶಾಖ ಬೀಳುತ್ತಿತ್ತು. ಆಮೇಲೆ ಸೆನ್ಸಾರಿನ ತಂತಿಯನ್ನ ನೇರವಾಗಿ ಮಾಸ್‌ಫೆಟ್ಟಿನ ಗೇಟಿಗೆ ಕೊಟ್ಟೆ. ಸೆನ್ಸಾರ್ ಕೊಡೋದು 3.3 ವೋಲ್ಟು, ನಮ್ಮ ಹತ್ತಿರ ಇದ್ದ ಮಾಸ್‌ಫೆಟ್ಟು ಪೂರ್ತಿ ತೆರೆಯಲು ಅದು ಸಾಲದು. ಅರ್ಧ ತೆರೆದ ತೂಬಿನ ಹಾಗೆ ಅದು ತಾನೇ ಕಾಯ್ದು ಬೆರಳು ಸುಟ್ಟಿತು.

ಮೇಷ್ಟ್ರು ಹೇಳಿಕೊಟ್ಟ ದಾರಿ ಬೇರೆ. ಬೆಳಕನ್ನ ಹಿಂಡಬೇಡ, ಹತ್ತಿಸಿ ಆರಿಸಿ ಮಾಡು, ಕಣ್ಣಿಗೆ ಗೊತ್ತಾಗದಷ್ಟು ಬೇಗ ಮಾಡು ಅಂದರು. ಅದಕ್ಕೆ 555 ಅನ್ನುವ ಐಸಿ ಸಾಕು. 100 ಕಿಲೋಓಮಿನ ತಿರುಗಣೆ, ಎರಡು ಡಯೋಡು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದು ಸೆಕೆಂಡಿಗೆ ಸುಮಾರು 140 ಸಲ ಹತ್ತಿಸಿ ಆರಿಸುತ್ತೆ. ಡಯೋಡುಗಳಿಂದಾಗಿ ತುಂಬುವ ದಾರಿ ಬೇರೆ, ಬರಿದಾಗುವ ದಾರಿ ಬೇರೆ. ಹಾಗಾಗಿ ತಿರುಗಣೆ ತಿರುಗಿಸಿದರೆ ವೇಗ ಬದಲಾಗೋದಿಲ್ಲ, ಹತ್ತಿರುವ ಹೊತ್ತು ಮತ್ತು ಆರಿರುವ ಹೊತ್ತಿನ ಪಾಲು ಮಾತ್ರ ಬದಲಾಗುತ್ತೆ. ಐಸಿಯ 3ನೇ ಕಾಲು ಮಾಸ್‌ಫೆಟ್ಟಿನ ಗೇಟಿಗೆ ಹತ್ತು ವೋಲ್ಟಿನಷ್ಟು ಕೊಡುವುದರಿಂದ ತೂಬು ಪೂರ್ತಿ ತೆರೆಯುತ್ತೆ ಇಲ್ಲವೇ ಪೂರ್ತಿ ಮುಚ್ಚುತ್ತೆ, ಶಾಖವೇ ಇಲ್ಲ. ಸೆನ್ಸಾರಿನ ತಂತಿ 4ನೇ ಕಾಲಿಗೆ. ಅದು ರೀಸೆಟ್ ಕಾಲು, ಅಲ್ಲಿಗೆ 3.3 ವೋಲ್ಟು ಧಾರಾಳ. ಯಾರೂ ಓಡಾಡದಿದ್ದರೆ ಐಸಿ ಬಾಯಿ ಮುಚ್ಚಿಕೊಂಡಿರುತ್ತೆ, ಅಜ್ಜಿ ಎದ್ದರೆ ಕೆಲಸ ಶುರು. ಇನ್ನೊಂದು ವಿಚಿತ್ರ, ಬೆಳಕನ್ನ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ಕಣ್ಣಿಗೆ ಅದು ಮೂರರಲ್ಲಿ ಒಂದು ಪಾಲಿನಷ್ಟು ಕಾಣುತ್ತೆ. ಹಾಗಾಗಿ ತಿರುಗಣೆಯನ್ನ ನಾವು ಅಂದುಕೊಂಡದ್ದಕ್ಕಿಂತ ಬಹಳ ಕೆಳಗೆ ಇಳಿಸಬೇಕಾಯ್ತು.

ಬೋಸರ ಕಥೆ ಇನ್ನೂ ಇದೆ. ಅಲೆ ಹಿಡಿಯುವ ಲೋಹದ ಸಾಧನ ಹೆಚ್ಚು ಹೊತ್ತು ದುಡಿಸಿದರೆ ದಣಿಯುತ್ತೆ, ಬಿಡುವು ಕೊಟ್ಟರೆ ಸುಧಾರಿಸಿಕೊಳ್ಳುತ್ತೆ ಎಂಬುದನ್ನ ಅವರು ಕಂಡರು. ಲೋಹವೇ ಹೀಗಾದರೆ ಗಿಡ ಹೇಗೆ ಎಂಬ ಪ್ರಶ್ನೆ ಹಿಡಿದು 1900ರ ನಂತರ ಸಸ್ಯಗಳ ಕಡೆ ತಿರುಗಿದರು. ಗಿಡದ ಬೆಳವಣಿಗೆಯನ್ನ ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಮಾಡಿದರು. ಮುಟ್ಟಿದರೆ ಮುನಿ ಗಿಡವನ್ನ ವಿದೇಶಕ್ಕೂ ಒಯ್ದು ಅದರಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನ ತೋರಿಸಿದರು. ಲಂಡನ್ನಿನ ಕೆಲವು ಶರೀರಕ್ರಿಯಾಶಾಸ್ತ್ರಜ್ಞರು ಒಪ್ಪಲಿಲ್ಲ. ಗಿಡಗಳ ಬಗ್ಗೆ ಬೋಸರು ಹೇಳಿದ್ದೆಲ್ಲ ಇವತ್ತಿಗೂ ನಿಂತಿಲ್ಲ, ಆದರೆ ಗಿಡದಲ್ಲಿ ವಿದ್ಯುತ್ ಸಂಕೇತ ಓಡುತ್ತೆ ಎಂಬುದು ನಿಂತಿದೆ.

ರವೀಂದ್ರನಾಥ ಠಾಕೂರರು ಇವರ ಆಪ್ತ ಸ್ನೇಹಿತರು. ಬೋಸರು ಬಂಗಾಳಿಯಲ್ಲಿ ಕಥೆಯನ್ನೂ ಬರೆದಿದ್ದಾರೆ. 1896ರಲ್ಲಿ ಬರೆದ ಒಂದರಲ್ಲಿ ತಲೆಗೆ ಹಚ್ಚುವ ಎಣ್ಣೆ ಸಮುದ್ರಕ್ಕೆ ಸುರಿದು ಚಂಡಮಾರುತವನ್ನೇ ತಣ್ಣಗಾಗಿಸುತ್ತಾರೆ! ಒಂದು ಕೇಶತೈಲದ ಕಂಪನಿ ನಡೆಸಿದ ಸ್ಪರ್ಧೆಗೆ ಬರೆದದ್ದು ಅದು.

1915ರಲ್ಲಿ ನಿವೃತ್ತರಾದರು. 1917ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ತಮ್ಮ ಹುಟ್ಟುಹಬ್ಬದ ದಿನವೇ ಕಲ್ಕತ್ತಾದಲ್ಲಿ ಬೋಸ್ ಸಂಶೋಧನಾಲಯ ತೆರೆದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಅಬಲಾ ಅವರು 1919ರಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ನಾರಿ ಶಿಕ್ಷಾ ಸಮಿತಿ ಕಟ್ಟಿದರು. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರ ಇರುವಾಗ, ಬೋಸರು ಗಿರಿಡಿಯಲ್ಲಿ ಕೀರ್ತಿಶೇಷರಾದರು. ಅಬಲಾ 1951ರವರೆಗೆ ಬದುಕಿದ್ದರು.

ನಮ್ಮನೆಯಲ್ಲಿ ಈಗ ಪಟ್ಟಿಯನ್ನ ಮೊಳಕಾಲಿಗಿಂತ ಕೆಳಗೆ, ಗೋಡೆಯ ಬುಡದಲ್ಲಿ ಅಂಟಿಸಿದ್ದೇವೆ, ಕಣ್ಣಿಗೆ ನೇರ ಬೀಳೋದಿಲ್ಲ. ಸೆನ್ಸಾರ್ ಒಲೆಯ ಕಡೆ ಮುಖ ಮಾಡಿದ್ದರೆ ಬೆಂಕಿಯ ಉರಿ ಆಡಿದಾಗಲೂ ದೀಪ ಹತ್ತುತ್ತಿತ್ತು, ಅದನ್ನ ಮಂಚದ ಕಡೆ ತಿರುಗಿಸಿದ್ದಾಯ್ತು. ತಿರುಗಣೆಯನ್ನ ಎಲ್ಲಿಗೆ ನಿಲ್ಲಿಸಬೇಕು ಅಂತ ಕೊನೆಗೆ ಹೇಳಿದ್ದು ಅಜ್ಜಿ. ನಾನು ತಿರುಗಿಸುತ್ತಾ ಹೋದೆ, ಮೆಟ್ಟಿಲ ಅಂಚು ಕಂಡ ಕೂಡಲೇ ಸಾಕು ಅಂದರು. ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಅಮ್ಮ ಮೊದಲ ಮೂರು ರಾತ್ರಿ ನಂಬದೆ ಎದ್ದು ಕೂತೇ ನೋಡಿದರು. ನಾಲ್ಕನೇ ರಾತ್ರಿ ದೀಪ ಹತ್ತಿದ್ದು ನನಗೆ ಕಾಣಿಸಿತು, ಅಜ್ಜಿ ಹೋಗಿ ಬಂದದ್ದೂ ಕಾಣಿಸಿತು, ಅಮ್ಮ ಮಾತ್ರ ಆ ಕಡೆ ಹೊರಳಿ ಮಲಗೇ ಇದ್ದರು.

ಸರ್ಕ್ಯೂಟಿನ ಚಿತ್ರವನ್ನ ಪಕ್ಕದ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸಿದ್ದೇನೆ. ಡಯೋಡಿನ ಗೆರೆ ಯಾವ ಕಡೆ ಅಂತ ನೋಡಿಕೊಂಡು ಬರೆದುಕೊಳ್ಳಿ, ನಾನು ಮೊದಲ ಸಲ ಅದನ್ನೇ ತಿರುವುಮುರುವು ಹಾಕಿದ್ದೆ.

ಹತ್ತನೇ ತರಗತಿ, ಬಿ ವಿಭಾಗ